ಹೊಸ ಕಾರೂ ಹಳೆಯ ರಸಿಕರೂ

ಕೋಲಾರದ ಸೀಮೆಯಲ್ಲಿ ಎತ್ತು ಕೊಳ್ಳುವುದು ಒಂದು ಶಾಸ್ತ್ರವೇ ಆಗಿದ್ದಿತು. ಆವನಿಯ ದನಗಳ ಜಾತ್ರೆಗೆ ಹೋದವರು ಹಳ್ಳಿಕಾರ್ ಜೋಡಿಯೊಂದು ಕಣ್ಣಿಗೆ ಬಿದ್ದರೆ ಮೊದಲು ಹಲ್ಲು ನೋಡುವರು, ಆಮೇಲೆ ಸುಳಿ ನೋಡುವರು, ಗೊರಸು ನೋಡುವರು, ಹತ್ತು ಹೆಜ್ಜೆ ನಡೆಸಿ ನೋಡುವರು; ಕಡೆಗೆ ಟವಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕಟ್ಟುವರು. ನಮ್ಮ ನರಸಾಪುರದಲ್ಲಿ ಆ ಶಾಸ್ತ್ರವು ಇಂದಿಗೂ ಅಳಿದಿಲ್ಲ. ಅದರ ವಿಷಯ ಮಾತ್ರ ಬದಲಾಗಿದೆ. 2013ರಲ್ಲಿ ಹೋಂಡಾ ಸಂಸ್ಥೆಯ ದ್ವಿಚಕ್ರವಾಹನಗಳ ಕಾರ್ಖಾನೆಯು ಇಲ್ಲಿ ಪ್ರಾರಂಭವಾಯಿತು. ಅದರ ಸುತ್ತ ಬೇರೆ ಕಾರ್ಖಾನೆಗಳೂ ಬೆಳೆದುವು. ತಿಂಗಳ ಸಂಬಳ ಎಣಿಸುವ ತರುಣರು ಹೆದ್ದಾರಿಯ ಮಗ್ಗುಲಿನ ಟೀ ಅಂಗಡಿಗಳಲ್ಲಿ ನಿಂತು ಕಾರುಗಳ ಹಲ್ಲು ಸುಳಿಗಳನ್ನು ಕುರಿತು ವಾದ ಮಾಡುವುದನ್ನು ನಾವು ಪ್ರತಿದಿನ ಸಂಜೆ ಕೇಳುತ್ತಿರುವೆವು.

ಅವರ ವಾದದಲ್ಲಿ ಮತ್ತೆ ಮತ್ತೆ ಬರುವ ಹೆಸರು ಮಾರುತಿ ಸುಜುಕಿಯವರ ಸ್ವಿಫ್ಟ್. 2024ರ ಮೇ 9ರಂದು ಈ ಸಣ್ಣ ಕಾರು ಹೊಸ ರೂಪವನ್ನು ತಾಳಿ ಹೊರಬಂದಿತು. ಅಂದು ಕಾರುಪ್ರಿಯರಲ್ಲಿ ಎದ್ದ ವಿವಾದವು ಇನ್ನೂ ಪೂರ್ತಿಯಾಗಿ ಶಮನಗೊಂಡಿಲ್ಲ. ಕೆಲವರಿಗೆ ಅದು ಪ್ರಗತಿ, ಕೆಲವರಿಗೆ ದ್ರೋಹ. ಈ ವಿವಾದದಲ್ಲಿ ಗೃಹಸ್ಥರು ಕಿವಿಗೊಡತಕ್ಕದ್ದು ಯಾವುದು, ಬಿಡತಕ್ಕದ್ದು ಯಾವುದು ಎಂಬುದನ್ನು ಈ ತಿಂಗಳು ವಿಚಾರ ಮಾಡೋಣವೆಂದು ನಮ್ಮ ಸಂಕಲ್ಪ.

ಮೊದಲು ವಸ್ತುನಿರ್ದೇಶ. ಹ್ಯಾಚ್‌ಬ್ಯಾಕ್ ಎಂದರೆ ಬಾಲವಿಲ್ಲದ ಕಾರು. ಸಾಮಾನಿಡುವ ಡಿಕ್ಕಿಯು ಹಿಂದಕ್ಕೆ ಪ್ರತ್ಯೇಕವಾಗಿ ಚಾಚಿಕೊಂಡಿರದೆ, ಹಿಂದಿನ ಆಸನದ ಬೆನ್ನಿಗೇ ಅಂಟಿಕೊಂಡಿರುವುದು. ಅದಕ್ಕೆ ಮೇಲ್ಮುಖವಾಗಿ ತೆರೆಯುವ ಒಂದು ಬಾಗಿಲಿರುವುದು. ನಮ್ಮ ದೇಶದಲ್ಲಿ ಇಂಥ ಕಾರಿನ ಅಳತೆಯನ್ನು ನಿರ್ಣಯಿಸಿದವರಲ್ಲಿ ಶಿಲ್ಪಿಗಳಷ್ಟೇ ಪಾಲು ತೆರಿಗೆಯವರದೂ ಉಂಟು. 2006ರ ಕೇಂದ್ರ ಆಯವ್ಯಯದಲ್ಲಿ, ಉದ್ದವು 4 ಮೀಟರನ್ನೂ ಪೆಟ್ರೋಲು ಇಂಜಿನಿನ ಗಾತ್ರವು 1200 ಘನ ಸೆಂಟಿಮೀಟರನ್ನೂ ಮೀರದ ಕಾರುಗಳಿಗೆ ಸುಂಕದಲ್ಲಿ ರಿಯಾಯಿತಿ ದೊರೆಯಿತು. 2025ರ ಸೆಪ್ಟೆಂಬರ್ 22ರಿಂದ ಶೇಕಡ 28ರ ತೆರಿಗೆಯು 18ಕ್ಕೆ ಇಳಿದುದೂ ಇದೇ ಅಳತೆಯ ಸಣ್ಣ ಕಾರುಗಳಿಗೆ. ಸ್ವಿಫ್ಟಿನ ಉದ್ದ 3860 ಮಿಲಿಮೀಟರು, ಇಂಜಿನು 1197 ಘನ ಸೆಂಟಿಮೀಟರು ಏಕೆ ಎಂಬ ಪ್ರಶ್ನೆಗೆ ಇದರಿಂದಲೇ ಬಹುಮಟ್ಟಿಗೆ ಉತ್ತರ ದೊರೆಯುವುದು. ಯತಿಸ್ಥಾನವನ್ನು ಮೀರದೆ ಪದ್ಯ ಕಟ್ಟುವ ಕವಿಯಂತೆ, ತಯಾರಕರು ಈ ಗೆರೆಯೊಳಗೇ ತಮ್ಮ ಚಾತುರ್ಯವನ್ನೆಲ್ಲ ತೋರಿಸಬೇಕು.

ಸ್ವಿಫ್ಟ್ ಮೊದಲು ನಮ್ಮ ದೇಶಕ್ಕೆ ಬಂದುದು 2005ರ ಮೇ ತಿಂಗಳಲ್ಲಿ. ಅದಕ್ಕೆ ಮುಂಚೆ ಸಣ್ಣ ಕಾರೆಂದೊಡನೆ ಜನರ ಮನಸ್ಸಿಗೆ ಬರುತ್ತಿದ್ದುದು 1983ರ ಡಿಸೆಂಬರಿನಲ್ಲಿ ಹೊರಬಂದ ಮಾರುತಿ 800. ಅದನ್ನು ಮಿತವ್ಯಯಕ್ಕಾಗಿ ಕೊಳ್ಳುತ್ತಿದ್ದವರೇ ಹೆಚ್ಚು. ಓಡಿಸುವ ಸಂತೋಷಕ್ಕಾಗಿ ಕೊಳ್ಳುತ್ತಿದ್ದವರು ಕಡಮೆ. ಸಣ್ಣ ಕಾರಿನಲ್ಲಿಯೂ ರಸವಿರಬಹುದೆಂಬ ನಂಬಿಕೆಯನ್ನು ಮಧ್ಯಮ ವರ್ಗದ ಮನೆಗಳಲ್ಲಿ ಬಿತ್ತಿದುದು ಸ್ವಿಫ್ಟ್ ಎಂದರೆ ಅತಿಶಯೋಕ್ತಿಯಾಗದು. 2011ರಲ್ಲಿ ಅದರ ಎರಡನೆಯ ಅವತಾರ, 2018ರಲ್ಲಿ ಮೂರನೆಯದು. ಮೋಟಾರು ಪತ್ರಕರ್ತರು ಕೊಡುವ ‘ವರ್ಷದ ಭಾರತೀಯ ಕಾರು’ ಎಂಬ ಪ್ರಶಸ್ತಿಯು 2006, 2012, 2019ರಲ್ಲಿ ಕ್ರಮವಾಗಿ ಈ ಮೂರು ಅವತಾರಗಳಿಗೂ ಸಂದಿತು. ಇಷ್ಟು ಅಕ್ಕರೆಯಿಂದ ಬೆಳೆದ ಕಾರಿನ ನಾಲ್ಕನೆಯ ಅವತಾರವನ್ನು ಜನರು ಸುಮ್ಮನೆ ನೋಡಿ ಹೋಗುವರೆಂದು ನಿರೀಕ್ಷಿಸುವುದು ಸಾಧ್ಯವಿರಲಿಲ್ಲ.

ರಸಿಕರ ಮೊದಲನೆಯ ದೂರು ಇಂಜಿನನ್ನು ಕುರಿತದ್ದು. ಹಿಂದಿನ ಕಾರಿನ ಇಂಜಿನಿಗೆ ನಾಲ್ಕು ಸಿಲಿಂಡರುಗಳಿದ್ದುವು, ಹೊಸದಕ್ಕೆ ಮೂರು. ಹಿಂದಿನದರ ಶಕ್ತಿಯು ಸುಮಾರು 90 ಅಶ್ವಶಕ್ತಿಯಾಗಿದ್ದರೆ ಹೊಸದು 82ರ ಹತ್ತಿರ ನಿಂತಿದೆ. ಹೊಸತೆಂದು ಹೆಸರಿಟ್ಟು ಬಲವನ್ನು ತಗ್ಗಿಸುವುದು ಯಾವ ನ್ಯಾಯವೆಂದು ಅವರ ಕೇಳಿಕೆ. ಇದಕ್ಕೆ ತಯಾರಕರ ಸಮಾಧಾನವೂ ಇದೆ. ಸಿಲಿಂಡರೊಂದು ಕಡಮೆಯಾದರೆ ತಿಕ್ಕಾಡುವ ಭಾಗಗಳೂ ಕಡಮೆಯಾಗುವುವು. ತಿಕ್ಕಾಟದಲ್ಲಿ ವ್ಯರ್ಥವಾಗುವ ಇಂಧನವು ಉಳಿಯುವುದು. ಪ್ರಮಾಣೀಕೃತ ಲೆಕ್ಕದಂತೆ, ಕೈಯಿಂದ ಗೇರು ಹಾಕುವ ಕಾರು ಹಿಂದೆ ಲೀಟರಿಗೆ 23.2 ಕಿಲೋಮೀಟರು ಓಡುತ್ತಿದ್ದುದು ಈಗ 24.8 ಕಿಲೋಮೀಟರು ಓಡುವುದು. ತಾನೇ ಗೇರು ಬದಲಿಸಿಕೊಳ್ಳುವ ಕಾರು 25.75. ಊರೊಳಗಿನ ನಿಧಾನದ ಓಟದಲ್ಲಿ ಎಳೆತವೂ ಸಾಕಷ್ಟಿದೆ.

ಆದರೆ ರಸಿಕರ ದುಃಖವು ಲೆಕ್ಕಕ್ಕೆ ಸಿಕ್ಕತಕ್ಕದ್ದಲ್ಲ. ಅದು ಲಯಕ್ಕೆ ಸೇರಿದುದು. ಈ ಬಗೆಯ ಇಂಜಿನಿನಲ್ಲಿ ಪ್ರತಿಯೊಂದು ಸಿಲಿಂಡರೂ ಅಚ್ಚು ಎರಡು ಸುತ್ತು ತಿರುಗುವಷ್ಟರಲ್ಲಿ ಒಮ್ಮೆ ಸ್ಫೋಟಿಸಿ ತಳ್ಳುವುದು. ನಾಲ್ಕು ಸಿಲಿಂಡರಿದ್ದರೆ ಅರ್ಧ ಸುತ್ತಿಗೊಂದು ತಳ್ಳು ಬೀಳುವುದು. ಮೂರಿದ್ದರೆ ಒಂದು ಸುತ್ತಿನ ಮೂರನೆಯ ಎರಡು ಪಾಲಿಗೊಂದು. ನಡುವಿನ ವಿರಾಮವು ಹೆಚ್ಚಾದುದರಿಂದ ನಿಂತಲ್ಲಿ ಸಣ್ಣ ನಡುಕ, ವೇಗದಲ್ಲಿ ಬೇರೊಂದು ಬಗೆಯ ಧ್ವನಿ. ಶಾಲೆಯಲ್ಲಿ ಷಟ್ಪದಿಗಳ ಲಕ್ಷಣವನ್ನು ಓದಿದವರಿಗೆ ಇದನ್ನು ಸುಲಭವಾಗಿ ಹೇಳಬಹುದು. ಶರ ಷಟ್ಪದಿಯಲ್ಲಿ ನಾಲ್ಕು ಮಾತ್ರೆಗಳ ಗಣ, ಭೋಗ ಷಟ್ಪದಿಯಲ್ಲಿ ಮೂರು ಮಾತ್ರೆಗಳ ಗಣ. ಎರಡೂ ಛಂದಸ್ಸೇ, ಆದರೆ ಒಂದರ ನಡಗೆಗೆ ಕಿವಿ ಒಗ್ಗಿದವನಿಗೆ ಮತ್ತೊಂದು ಕುಂಟಿದಂತೆ ಕೇಳಿಸುವುದು. ಹಳೆಯ ಸ್ವಿಫ್ಟಿನ ರಸಿಕರಿಗೆ ಆಗಿರುವುದು ಇಷ್ಟೇ.

ಈ ಶೋಕಕ್ಕೂ ಒಂದು ಚರಿತ್ರೆಯುಂಟು. 2005ರ ಮೊದಲ ಸ್ವಿಫ್ಟಿನಲ್ಲಿ 1.3 ಲೀಟರಿನ ಪೆಟ್ರೋಲು ಇಂಜಿನಿದ್ದಿತು. ಮೇಲೆ ಹೇಳಿದ ಸುಂಕದ ಗೆರೆಯೊಳಗೆ ಬರುವುದಕ್ಕಾಗಿ 2010ರಲ್ಲಿ ಅದನ್ನು ತೆಗೆದು 1.2 ಲೀಟರಿನದನ್ನು ಇಟ್ಟಾಗ ಅಂದಿನ ರಸಿಕರು ನಿಟ್ಟುಸಿರು ಬಿಟ್ಟರು. 2020ರಲ್ಲಿ ಹೊಗೆಯ ನಿಯಮಗಳು ಬಿಗಿಯಾಗಿ, ಫಿಯಟ್ ಮೂಲದ ಡೀಸಲ್ ಇಂಜಿನು ನಿಂತುಹೋದಾಗ ಮತ್ತೊಮ್ಮೆ ನಿಟ್ಟುಸಿರು. ಇಂದು ಯಾವ ನಾಲ್ಕು ಸಿಲಿಂಡರಿನ ಇಂಜಿನನ್ನು ನೆನೆದು ಮರುಗುತ್ತಿರುವರೋ, ಅದರ ವಂಶದ ಮೂಲಪುರುಷನು 2010ರಲ್ಲಿ ಹಲವರಿಗೆ ಸಪ್ಪೆಯಾಗಿ ಕಂಡವನೇ. ಮುಂದೊಂದು ದಿನ ಈ ಮೂರು ಸಿಲಿಂಡರಿನದಕ್ಕೂ ಅಳುವವರು ಹುಟ್ಟುವರೆಂಬುದರಲ್ಲಿ ನಮಗೆ ಸಂದೇಹವಿಲ್ಲ.

ಎರಡನೆಯ ದೂರು ರೂಪವನ್ನು ಕುರಿತದ್ದು. ಮೂರನೆಯ ಅವತಾರದಲ್ಲಿ ಹಿಂಬಾಗಿಲಿನ ಹಿಡಿಯನ್ನು ಕಿಟಕಿಯ ಪಕ್ಕದ ಕಂಬದಲ್ಲಿ ಮರೆಯಾಗಿ ಕೂರಿಸಿದ್ದರು. ದೂರದಿಂದ ನೋಡಿದರೆ ಎರಡೇ ಬಾಗಿಲಿನ ಕ್ರೀಡಾವಾಹನದಂತೆ ತೋರುತ್ತಿದ್ದುದರಿಂದ ತರುಣರಿಗೆ ಅದು ಬಹಳ ಮೆಚ್ಚಾಗಿದ್ದಿತು. ಹೊಸ ಕಾರಿನಲ್ಲಿ ಹಿಡಿಯು ಎಲ್ಲ ಕಾರುಗಳಲ್ಲಿರುವಂತೆ ಬಾಗಿಲಿಗೇ ಇಳಿದು ಬಂದಿದೆ. ‘ಸಾಮಾನ್ಯವಾಗಿಬಿಟ್ಟಿತು’ ಎಂದು ರಸಿಕರು ಮೂಗು ಮುರಿದರು. ಆದರೆ ಮೇಲಿನ ಹಿಡಿಯು ಎಳೆಯ ಮಕ್ಕಳ ಕೈಗೆ ಎಟುಕುತ್ತಿರಲಿಲ್ಲ. ಮುದುಕರು ಎಲ್ಲಿದೆಯೆಂದು ತಡಕಾಡುತ್ತಿದ್ದರು. ಮುಂದೆ ಕುಳಿತು ಚಕ್ರ ಹಿಡಿಯುವವನಿಗೆ ಯಾವುದು ನಷ್ಟವಾಗಿ ಕಂಡಿತೋ ಅದೇ ಹಿಂದೆ ಕೂರುವವರಿಗೆ ಲಾಭವಾಯಿತು. ನಮ್ಮ ಇಂದಿನ ಲೇಖನದ ಸಾರವೆಲ್ಲ ಈ ಒಂದು ಹಿಡಿಯಲ್ಲಿ ಅಡಗಿದೆ ಎನ್ನಬಹುದು.

ರಸಿಕರನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ತಯಾರಕರು ಸದ್ದಿಲ್ಲದೆ ಕಿತ್ತುಕೊಂಡುದನ್ನು ಮೊದಲು ಕಂಡು ಹಿಡಿಯುವವರು ಅವರೇ. ಬಾಗಿಲಿನ ತಗಡಿನ ಸದ್ದು, ಒಳಗಿನ ಪ್ಲಾಸ್ಟಿಕ್ಕಿನ ಒರಟು, ತಿರುವಿನಲ್ಲಿ ಕಾರು ವಾಲುವ ಪರಿ ಇವೆಲ್ಲ ಸಾಮಾನ್ಯ ಗಿರಾಕಿಗೆ ಎರಡು ವರ್ಷಗಳ ತರುವಾಯ ತಿಳಿಯುವ ಸಂಗತಿಗಳು. ಅವರಿಗೆ ಎರಡು ಮೈಲಿಯಲ್ಲಿ ತಿಳಿಯುವುವು. ಅಲಂಕಾರಶಾಸ್ತ್ರದಲ್ಲಿ ಸಹೃದಯನಿಗೆ ಯಾವ ಸ್ಥಾನವೋ ಮಾರುಕಟ್ಟೆಯಲ್ಲಿ ಇವರಿಗೆ ಆ ಸ್ಥಾನ. ಅವರಿಲ್ಲದಿದ್ದರೆ ಒಳ್ಳೆಯ ಕಾರಿಗೂ ಕೆಟ್ಟ ಕಾರಿಗೂ ಬೆಲೆಯ ಚೀಟಿಯ ಹೊರತು ಬೇರೆ ಭೇದವೇ ಉಳಿಯದು.

ಆದರೆ ಸಹೃದಯನು ಒಬ್ಬನೇ ಕುಳಿತು ರಸವನ್ನು ಆಸ್ವಾದಿಸುವವನು. ಗೃಹಸ್ಥನು ನಾಲ್ವರನ್ನು ಕೂರಿಸಿಕೊಂಡು ಹೋಗುವವನು. ಮಾಲವಿಕಾಗ್ನಿಮಿತ್ರದ ಪ್ರಸ್ತಾವನೆಯಲ್ಲಿ ಪಾರಿಪಾರ್ಶ್ವಕನು, ಭಾಸ, ಸೌಮಿಲ್ಲ, ಕವಿಪುತ್ರರಂಥ ಪ್ರಸಿದ್ಧರ ಕೃತಿಗಳಿರುವಾಗ ಈಗಿನ ಕಾಳಿದಾಸನ ನಾಟಕಕ್ಕೆ ಇಷ್ಟು ಆದರವೇಕೆಂದು ಕೇಳುವನು. ಹಳೆಯದಾದ ಮಾತ್ರಕ್ಕೆ ಎಲ್ಲವೂ ಒಳ್ಳೆಯದಾಗದು, ಹೊಸದಾದ ಮಾತ್ರಕ್ಕೆ ದೂಷ್ಯವೂ ಆಗದು, ಬಲ್ಲವರು ಪರೀಕ್ಷಿಸಿ ಆರಿಸಿಕೊಳ್ಳುವರು ಎಂಬುದು ಸೂತ್ರಧಾರನ ಉತ್ತರದ ತಾತ್ಪರ್ಯ. ಕಾರಿನ ವಿಷಯದಲ್ಲಿ ಆ ಪರೀಕ್ಷೆ ಯಾವುದು? ಗೃಹಸ್ಥನ ಮಟ್ಟಿಗೆ ಮೊದಲನೆಯ ಪರೀಕ್ಷೆ, ಗಾಡಿ ಗುದ್ದಿದಾಗ ಒಳಗಿರುವವರು ಉಳಿಯುವರೇ ಎಂಬುದು.

ಈ ಪರೀಕ್ಷೆಯನ್ನು ನಿಜವಾಗಿಯೂ ಮಾಡುವರು. ಮನುಷ್ಯರ ಬದಲು ಗೊಂಬೆಗಳನ್ನು ಕೂರಿಸಿ, ಗಂಟೆಗೆ 64 ಕಿಲೋಮೀಟರಿನ ವೇಗದಲ್ಲಿ ಕಾರನ್ನು ಅಡ್ಡಗಟ್ಟಿಗೆ ಗುದ್ದಿಸಿ, ಪೆಟ್ಟಿನ ಪ್ರಮಾಣವನ್ನು ಅಳೆದು ನಕ್ಷತ್ರಗಳನ್ನು ಕೊಡುವರು. ಗ್ಲೋಬಲ್ ಎನ್‌ಕ್ಯಾಪ್ ಎಂಬ ಸಂಸ್ಥೆಯು ನಮ್ಮ ದೇಶದ ಮೂರನೆಯ ಅವತಾರದ ಸ್ವಿಫ್ಟಿಗೆ 2018ರಲ್ಲಿ ಐದಕ್ಕೆ 2 ನಕ್ಷತ್ರಗಳನ್ನು ಕೊಟ್ಟಿತು. ನಿಯಮಗಳು ಬಿಗಿಯಾದ ಮೇಲೆ 2022ರ ಡಿಸೆಂಬರಿನಲ್ಲಿ ಅದೇ ಕಾರಿಗೆ ದೊರೆತುದು ಒಂದೇ ನಕ್ಷತ್ರ. ಕಾರಿನ ಕವಚವೇ ಅಸ್ಥಿರವೆಂದು ಪರೀಕ್ಷಕರು ಬರೆದರು. ಪರೀಕ್ಷೆಗೆ ಒಳಗಾದ ಕಾರಿನಲ್ಲಿ ಏರ್‌ಬ್ಯಾಗುಗಳು ಎರಡೇ, ಅವೂ ಮುಂದಿನವರಿಗೆ. ಯಾವ ಇಂಜಿನಿನ ಲಯವನ್ನು ನೆನೆದು ರಸಿಕರು ಇಂದು ಮರುಗುತ್ತಿರುವರೋ ಆ ಇಂಜಿನು ಈ ಕವಚದೊಳಗೇ ಇದ್ದಿತೆಂಬುದನ್ನು ನಾವು ಮರೆಯಲಾಗದು.

ಹೊಸ ಸ್ವಿಫ್ಟಿನಲ್ಲಿ ಅತ್ಯಂತ ಅಗ್ಗದ ಮಾದರಿಗೂ ಆರು ಏರ್‌ಬ್ಯಾಗುಗಳಿವೆ. ಐದು ಮಂದಿಗೂ ಹೆಗಲು ಸೊಂಟಗಳೆರಡನ್ನೂ ಹಿಡಿಯುವ ಸೀಟ್ ಬೆಲ್ಟುಗಳಿವೆ. ಆರರಲ್ಲಿ ಎರಡು ಏರ್‌ಬ್ಯಾಗುಗಳು ಮುಂದಿನವರ ಎದೆಯ ಎದುರಿಗೆ, ಎರಡು ಅವರ ಪಕ್ಕೆಗೆ, ಉಳಿದೆರಡು ಕಿಟಕಿಗಳ ಉದ್ದಕ್ಕೂ ಪರದೆಯಂತೆ ಇಳಿಯುವುವು. ಹಿಂದಿನ ಆಸನದವರ ತಲೆಯನ್ನು ಕಾಯುವುದು ಈ ಪರದೆಯೇ. ಆದರೂ ಚೀಲಗಳ ಸಂಖ್ಯೆಯೊಂದರಿಂದಲೇ ಕಾರು ಭದ್ರವೆನ್ನಲಾಗದು. ಕವಚದ ದಾರ್ಢ್ಯವೂ ಬೇಕು. ಯೂರೋಪಿನ ಪರೀಕ್ಷೆಯಲ್ಲಿ 2024ರಲ್ಲಿ ಅಲ್ಲಿಯ ಹೊಸ ಸ್ವಿಫ್ಟಿಗೆ 3 ನಕ್ಷತ್ರಗಳು ದೊರೆತುವು. ಸ್ವಿಫ್ಟಿನ ಸೋದರನಾದ, ಬಾಲವುಳ್ಳ ಡಿಜೈರ್ ಕಾರಿಗೆ ನಮ್ಮ ದೇಶದಲ್ಲಿ 2024ರ ನವೆಂಬರಿನಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯಿಂದ ವಯಸ್ಕರ ರಕ್ಷಣೆಗೆ 5 ನಕ್ಷತ್ರಗಳು ದೊರೆತುವು. ಹೊರದೇಶದ ನಕ್ಷತ್ರವೂ ಸೋದರನ ನಕ್ಷತ್ರವೂ ಸ್ವಂತ ನಕ್ಷತ್ರವಾಗಲಾರವು. 2023ರ ಅಕ್ಟೋಬರಿನಿಂದ ಭಾರತ್ ಎನ್‌ಕ್ಯಾಪ್ ಎಂಬ ನಮ್ಮದೇ ಪರೀಕ್ಷಾಕ್ರಮವು ಜಾರಿಯಲ್ಲಿರುವುದರಿಂದ, ಯಾವ ಕಾರನ್ನು ಕೊಳ್ಳುವವರೂ ಅದೇ ಮಾದರಿಯ ಫಲವನ್ನು ಕಾಗದದ ಮೇಲೆ ತೋರಿಸೆಂದು ಅಂಗಡಿಯವರನ್ನು ಕೇಳತಕ್ಕದ್ದು.

ಈಚೆಗೆ ನಮ್ಮ ಹಳೆಯ ಶಿಷ್ಯನೊಬ್ಬನು ತನ್ನ ತಾಯಿಯನ್ನೂ ನಾಲ್ಕು ವರ್ಷದ ಮಗಳನ್ನೂ ಕರೆದುಕೊಂಡು ನಮ್ಮ ಮನೆಗೆ ಬಂದಿದ್ದನು. ಅವನು ಕಾರ್ಖಾನೆಯೊಂದರಲ್ಲಿ ಮೇಲ್ವಿಚಾರಕ. ತಾಯಿಯನ್ನು ತಿಂಗಳಿಗೆರಡು ಸಲ ಕೋಲಾರದ ಆಸ್ಪತ್ರೆಗೆ ಕರೆದೊಯ್ಯಬೇಕು. ಬಸ್ಸು ಹತ್ತಿ ಇಳಿಯುವ ಶಕ್ತಿ ಆಕೆಗೆ ಉಳಿದಿಲ್ಲ. ಸ್ನೇಹಿತರ ಮಾತು ಕೇಳಿ, ನಾಲ್ಕು ಸಿಲಿಂಡರಿನ ಹಳೆಯ ಸ್ವಿಫ್ಟೊಂದನ್ನು ಮುಂಗಡ ಕೊಟ್ಟು ಹಿಡಿಯಬೇಕೆಂದು ಅವನ ಆತುರ.

“ಹೊಸ ಇಂಜಿನ್ನಲ್ಲಿ ಜೀವಾನೇ ಇಲ್ಲವಂತೆ ಮೇಷ್ಟ್ರೇ. ಗ್ಯಾರೇಜಿನವರೂ ಅದನ್ನೇ ಹೇಳ್ತಾರೆ. ಹಳೇದು ದುಡ್ಡಿಗೂ ಕಮ್ಮಿ,” ಎಂದನು.

ಅದುವರೆಗೆ ಸುಮ್ಮನಿದ್ದ ಆ ತಾಯಿಯು, “ಇಂಜಿನ್ ವಿಷಯ ನಂಗೇನು ಗೊತ್ತಪ್ಪ. ನಾನೂ ಮಗೂನೂ ಹಿಂದೆ ಕೂತ್ಕೊಂತೀವಲ್ಲ, ಅಲ್ಲಿ ನಮಗೇನೈತೆ ಅಂತ ಕೇಳ್ದಾ?” ಎಂದರು.

ಅವನು ಕೇಳಿರಲಿಲ್ಲ. ಅವನ ಸ್ನೇಹಿತರಲ್ಲಿ ಒಬ್ಬರೂ ಆ ಪ್ರಶ್ನೆಯನ್ನು ಎತ್ತಿರಲಿಲ್ಲ. ಏಕೆಂದರೆ ಅವರಲ್ಲಿ ಒಬ್ಬರೂ ಹಿಂದಿನ ಆಸನದಲ್ಲಿ ಕುಳಿತು ಕಾರನ್ನು ಪರೀಕ್ಷಿಸಿದವರಲ್ಲ. ಮೇಲೆ ಬರೆದ ಸಂಗತಿಗಳನ್ನು ನಾವು ಅವನಿಗೆ ಹೇಳಿದೆವು. ಅವನು ಬಹಳ ಹೊತ್ತು ಮಗಳನ್ನೇ ನೋಡುತ್ತ ಕುಳಿತಿದ್ದು, ಮುಂಗಡವನ್ನು ಕೊಡದೆ ಇನ್ನು ಆರು ತಿಂಗಳು ಉಳಿಸಿ, ಕಂತಿನ ಭಾರ ತಗ್ಗಿದ ಮೇಲೆ ಹೊಸದನ್ನೇ ವಿಚಾರಿಸುವೆನೆಂದು ಹೇಳಿ ಹೋದನು. ಅಲ್ಲಿಯವರೆಗೆ ಆಸ್ಪತ್ರೆಗೆ ಬಾಡಿಗೆ ಆಟೋ. ತರುಣನಿಗೆ ಇದು ಸಣ್ಣ ತ್ಯಾಗವಲ್ಲ. ಚಕ್ರ ಹಿಡಿಯುವ ಆಸೆಯನ್ನು ಆರು ತಿಂಗಳು ಮುಂದೂಡುವುದು ಎಷ್ಟು ಕಷ್ಟವೆಂಬುದು ಆ ವಯಸ್ಸನ್ನು ದಾಟಿದವರಿಗೆಲ್ಲ ಗೊತ್ತು.

ಹಿಂದಿನ ಆಸನದ ದೃಷ್ಟಿಯಿಂದ ಕಾರನ್ನು ತಿದ್ದಿದ ಉದಾಹರಣೆಯು ನಮ್ಮ ಕರ್ಣಾಟಕದಲ್ಲೇ ಇದೆ. 2001ರಲ್ಲಿ ಬೆಂಗಳೂರಿನಿಂದ ರೇವಾ ಎಂಬ ಪುಟ್ಟ ವಿದ್ಯುತ್ ಕಾರು ಹೊರಟಿತು. ಅದರ ಉತ್ತರಾಧಿಕಾರಿಯಾಗಿ 2013ರಲ್ಲಿ ಮಹೀಂದ್ರ ಸಂಸ್ಥೆಯಿಂದ ಬಂದ ಇ2ಒ ಕಾರಿಗೂ ಪಕ್ಕದ ಬಾಗಿಲುಗಳು ಎರಡೇ. ಹಿಂದೆ ಕೂರಬೇಕಾದವರು ಮುಂದಿನ ಆಸನವನ್ನು ಬಗ್ಗಿಸಿ ನುಸುಳಬೇಕಾಗಿದ್ದಿತು. 2016ರಲ್ಲಿ ಅದನ್ನು ಪುನಃ ರೂಪಿಸಿದಾಗ ನಾಲ್ಕು ಬಾಗಿಲುಗಳನ್ನಿಟ್ಟರು. ಆ ಕಾರಿನ ತಯಾರಿಕೆಯು ಅನಂತರ ನಿಂತುಹೋದರೂ, ಹೊಸ ರೂಪವನ್ನು ಕೊಡುವಾಗ ಯಾರನ್ನು ನೆನೆಯಬೇಕೆಂಬ ಪಾಠವು ಉಳಿದಿದೆ.

ಇನ್ನು ಮನೆಯವರು ನೆನಪಿಡತಕ್ಕ ನಾಲ್ಕು ಮಾತುಗಳನ್ನು ಹೇಳಿ ಮುಗಿಸುವೆವು.

ಮೊದಲನೆಯದು: ಕಾರನ್ನು ಓಡಿಸಿ ನೋಡಲು ಹೋಗುವಾಗ ಮನೆಯ ಹಿರಿಯರನ್ನೂ ಮಕ್ಕಳನ್ನೂ ಕರೆದೊಯ್ಯಿರಿ. ಅವರನ್ನು ಹಿಂದೆ ಕೂರಿಸಿ, ಹತ್ತಿ ಇಳಿಯುವುದು ಸುಲಭವೇ, ಮೊಣಕಾಲಿಗೆ ಎಡೆಯಿದೆಯೇ, ಬೆಲ್ಟು ಹೆಗಲಿಗೆ ಸರಿಯಾಗಿ ಬರುವುದೇ ಎಂದು ಕೇಳಿರಿ.

ಎರಡನೆಯದು: ಏರ್‌ಬ್ಯಾಗು ಕಣ್ಣು ಮಿಟುಕಿಸುವುದಕ್ಕಿಂತ ಬೇಗನೆ ಉಬ್ಬುವುದು. ಬೆಲ್ಟು ಕಟ್ಟದವನು ಆ ಕ್ಷಣದಲ್ಲಿ ಮುಂದಕ್ಕೆ ಎಸೆಯಲ್ಪಟ್ಟು ಅದಕ್ಕೇ ಬಡಿದುಕೊಳ್ಳುವನು. ಬೆಲ್ಟಿಲ್ಲದೆ ಚೀಲವು ರಕ್ಷೆಯಾಗದು.

ಮೂರನೆಯದು: ಹಿಂದಿನವರಿಗೆ ಬೆಲ್ಟು ಬೇಡವೆಂಬ ಭಾವನೆಯು ನಮ್ಮಲ್ಲಿ ಬೇರೂರಿದೆ. 2022ರ ಸೆಪ್ಟೆಂಬರ್ 4ರಂದು ಉದ್ಯಮಿ ಸೈರಸ್ ಮಿಸ್ತ್ರಿಯವರು ಪಾಲ್ಘರ್ ಜಿಲ್ಲೆಯಲ್ಲಿ ಮಡಿದುದು ಬಹು ಬೆಲೆಯ ಕಾರಿನ ಹಿಂದಿನ ಆಸನದಲ್ಲಿ. ಅವರು ಬೆಲ್ಟು ಧರಿಸಿರಲಿಲ್ಲವೆಂದು ಪೋಲೀಸರು ತಿಳಿಸಿದರು. ಹಿಂದಿನವರೂ ಬೆಲ್ಟು ಕಟ್ಟಬೇಕೆಂಬುದು ಕಾನೂನು ಸಹ ಆಗಿದೆ.

ನಾಲ್ಕನೆಯದು, ವಿಶೇಷವಾಗಿ ನಮ್ಮ ಸೋದರಿಯರಿಗೆ: ಮಗುವನ್ನು ಮಡಿಲಲ್ಲಿಟ್ಟುಕೊಂಡು ಮುಂದೆ ಕೂರಬೇಡಿರಿ. ತಾಯಿಯ ಮಡಿಲಿಗಿಂತ ಭದ್ರವಾದ ಸ್ಥಳವಿಲ್ಲವೆಂಬುದು ಮನೆಯೊಳಗೆ ನಿಜ. ಆದರೆ ಗುದ್ದಿನ ಕ್ಷಣದಲ್ಲಿ ಮಗುವಿನ ಭಾರವು ಹಲವು ಪಟ್ಟು ಹೆಚ್ಚಿ, ಎಂಥ ಅಕ್ಕರೆಯ ತೋಳಿನಿಂದಲೂ ಹಿಡಿಯಲಾಗದು. ಮಕ್ಕಳಿಗಾಗಿಯೇ ಮಾಡಿದ ಆಸನವನ್ನು ಹಿಂದೆ ಕಟ್ಟಿ ಅದರಲ್ಲಿ ಕೂರಿಸುವುದೇ ಸರಿಯಾದ ಕ್ರಮ.

ಕಾರುಪ್ರಿಯರಾದ ತರುಣರಲ್ಲಿ ನಮ್ಮದೊಂದು ವಿಜ್ಞಾಪನೆ. ನಿಮ್ಮ ಕಿವಿ ಚುರುಕು, ಕಣ್ಣು ಚುರುಕು. ತಯಾರಕರು ನಿಮ್ಮ ಮಾತಿಗೆ ಬೆಲೆ ಕೊಡುವರು. ನಾಲ್ಕನೆಯ ಸಿಲಿಂಡರಿಗಾಗಿ ನೀವು ಎತ್ತಿದ ಕೂಗಿನ ಅರ್ಧದಷ್ಟನ್ನು ಎಲ್ಲ ಸಣ್ಣ ಕಾರುಗಳಿಗೂ ಐದು ನಕ್ಷತ್ರಗಳಿರಬೇಕೆಂದು ಎತ್ತಿದರೆ, ನಮ್ಮ ಹೆದ್ದಾರಿಯಲ್ಲಿ ರಾತ್ರಿ ಬಹಳ ಹೊತ್ತಾದರೂ ಮನೆಗೆ ಬಾರದವರಿಗಾಗಿ ಬಾಗಿಲಲ್ಲಿ ಕಾಯುವ ತಾಯಂದಿರ ಸಂಖ್ಯೆ ಕಡಮೆಯಾದೀತು. ರಸಿಕತೆಗೆ ಅದಕ್ಕಿಂತ ಹೆಚ್ಚಿನ ಸಾರ್ಥಕ್ಯವು ನಮಗೆ ತೋರದು.